ತವರು ಕೊಳ್ಳೇಗಾಲದ ಕಡೆ

ನನ್ನ ಹೆಂಡತಿ ಶ್ರೀಲಂಕಾದ ಪ್ರಜೆ. ಮದುವೆಯಾದ ಮೇಲೆ ನಾವು ಮೈಸೂರಿನ ಬನ್ನಿಮಂಟಪ ಬಡಾವಣೆಯ ಒಂದೇ ಮನೆಯಲ್ಲಿ ಬಹಳ ವರ್ಷಗಳಿಂದ ಇದ್ದೇವೆ. ಅವಳು ಮನೆಯಲ್ಲಿ ಮಾತಾಡುವುದು ಕನ್ನಡ, ಪಡಿತರದ ಅಂಗಡಿಯ ಮುಂದೆ ಜಗಳವಾಡುವುದೂ ಕನ್ನಡದಲ್ಲೇ. ಆದರೆ ವರ್ಷಕ್ಕೊಮ್ಮೆ ವೀಸಾ ಮುಂದುವರಿಸಲು ಹೋದಾಗ ಇಲ್ಲಿನ ಮೊದಲ ವಾಕ್ಯವೇ ಸತ್ಯ, ಉಳಿದದ್ದು ಹೇಳಿಕೆ.

ಅವಳು ಹುಟ್ಟಿದ್ದು ಶ್ರೀಲಂಕಾದ ಬೆಟ್ಟಸೀಮೆಯ ಒಂದು ಟೀ ತೋಟದ ಕೂಲಿಗಳ ಲೈನ್ ಮನೆಯಲ್ಲಿ. ತಾತನ ಅಪ್ಪನ ಕಾಲದಲ್ಲಿ ತಮಿಳು ನಾಡಿನಿಂದ ಕೊಳುಂದು, ಎಂದರೆ ಟೀ ಚಿಗುರು, ಕೀಳಲು ಹೋದ ವಂಶ. ಆ ದೇಶ ಸ್ವತಂತ್ರವಾದಾಗ ತೋಟದವರನ್ನು ತನ್ನವರಲ್ಲ ಎಂದಿತು. ಆಮೇಲೆ ಎರಡು ಸರ್ಕಾರಗಳು ಕುಳಿತು ಅವರನ್ನು ಹಂಚಿಕೊಂಡವು. ಅವಳ ದೊಡ್ಡಪ್ಪ ಭಾರತದ ಪಾಲಿಗೆ ಬಂದರು, ಅಪ್ಪ ಅಲ್ಲೇ ಉಳಿದರು, ಆದರೆ ಅವರಿಗೆ ಅಲ್ಲಿನ ಪೌರತ್ವ ಸಿಕ್ಕಿದ್ದು ಇವಳು ಶಾಲೆಗೆ ಹೋಗುವ ಹೊತ್ತಿಗೆ. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಬಟ್ಟೆ ಮಡಚುತ್ತ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು. ಒಂದು ಸಂಗತಿಯನ್ನು ಎರಡು ಕಡೆ ವಿಚಾರಿಸುವುದು ಅಭ್ಯಾಸ. ಇದನ್ನು ಮಾತ್ರ ಎಲ್ಲೂ ವಿಚಾರಿಸಲಿಲ್ಲ.

ಕಿವುಡ ಮಕ್ಕಳಿಗೆ ಕಲಿಸುವ ತರಬೇತಿ ಪಡೆಯಲು ಅವಳು ಮೈಸೂರಿಗೆ ಬಂದಳು, ನನ್ನನ್ನು ಮದುವೆಯಾಗಿ ಇಲ್ಲೇ ಉಳಿದಳು. ಅನುದಾನಿತ ಶಾಲೆಯೊಂದರಲ್ಲಿ ಅನುಮತಿ ಪಡೆದು ಗೌರವಧನದ ಮೇಲೆ ಪಾಠ ಮಾಡುತ್ತಿದ್ದಾಳೆ. ಪೌರತ್ವ ಬೇಕೆಂದು ಅನ್ನಿಸಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೇಕಾದದ್ದು ಆ ಶಾಲೆಯ ಹಿರಿಯ ಶಿಕ್ಷಕಿ ನಿವೃತ್ತರಾದಾಗ. ಖಾಲಿಯಾದ ಕಾಯಂ ಹುದ್ದೆಯನ್ನು ತುಂಬಿಕೊಳ್ಳಲು ಇಲಾಖೆ ಒಪ್ಪಿತು. ಶಾಲೆಯ ಕಾರ್ಯದರ್ಶಿ ಇವಳನ್ನು ಕರೆದು ಹೇಳಿದರು: ಹುದ್ದೆ ನಿಮ್ಮದೇ, ಆದರೆ ಭಾರತದ ಪ್ರಜೆಯಾಗಿರಬೇಕು. ಅರ್ಜಿ ಹಾಕಿ, ಮುಂದಿನ ಬೇಸಿಗೆ ರಜೆ ಮುಗಿಯುವವರೆಗೆ ನಾನು ತಡೆದಿಟ್ಟಿರುತ್ತೇನೆ.

ಅವಳು ಅಂದು ಮನೆಗೆ ಬಂದವಳೇ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಇದನ್ನೆಲ್ಲ ಹೇಳಿದಳು. ಕಾಯಂ ಶಿಕ್ಷಕಿಯಾದರೆ ಒಂದನೇ ತರಗತಿಯಿಂದ ಒಂದೇ ಗುಂಪಿನ ಮಕ್ಕಳ ಜೊತೆ ಏಳನೆಯವರೆಗೆ ಹೋಗಬಹುದು, ಅತಿಥಿ ಶಿಕ್ಷಕರನ್ನು ವರ್ಷ ವರ್ಷ ಬೇರೆ ತರಗತಿಗೆ ಹಾಕುತ್ತಾರೆ, ಅದೇ ಅವಳ ಆಸೆ. "ಒಂದು ಮಗು ಮೊದಲನೇ ಪದ ಕೈಯಲ್ಲಿ ಹೇಳೋದನ್ನ ನಾನು ಕಲಿಸ್ತೀನಿ, ಅದು ಪೂರ್ತಿ ಮಾತಾಡೋದನ್ನ ಬೇರೆ ಯಾರೋ ನೋಡ್ತಾರೆ" ಎಂದಳು. ಸಂಬಳದ ಮಾತು ಎತ್ತಲಿಲ್ಲ.

ಅರ್ಜಿ ಹಾಕಿದೆವು. ಜಿಲ್ಲಾಧಿಕಾರಿ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂದದ್ದು ದಸರಾ ಕಳೆದ ವಾರ. ಪಂಜಿನ ಕವಾಯತಿಗೆ ಮೈದಾನದ ಸುತ್ತ ಕಟ್ಟಿದ್ದ ಮರದ ತಡೆಗಳನ್ನು ಇನ್ನೂ ಬಿಚ್ಚುತ್ತಿದ್ದರು. ಆಟೋದವನು ಸುತ್ತಿಕೊಂಡು ಹೋಗಬೇಕಾಯಿತು.

ಸಂದರ್ಶನ ಮಾಡಿದ ಅಧಿಕಾರಿ ಮಧ್ಯವಯಸ್ಕರು, ಮೃದುವಾದ ಮಾತಿನವರು. ಗಂಡ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿದರು. ನನ್ನನ್ನು ಹೆಚ್ಚು ಕೇಳಲಿಲ್ಲ.

"ಕನ್ನಡ ಎಲ್ಲಿ ಕಲಿತಿರಮ್ಮ?"

"ಮಿಲ್ಲಲ್ಲಿ ಸಾರ್."

"ಮಿಲ್ಲಲ್ಲಾ?"

"ಹಿಟ್ಟಿನ ಮಿಲ್ಲು. ನಮ್ಮ ಎದುರು ಮನೇಲಿದೆ. ರಾಗಿ ಬೀಸಿಸೋಕೆ ಹೋಗಿ ಕೂತ್ಕೋತಿದ್ದೆ."

ಅವರು ನಕ್ಕರು. "ಪರವಾಗಿಲ್ಲ, ನಮ್ಮ ಆಫೀಸಿನವರನ್ನೂ ಅಲ್ಲಿಗೇ ಕಳಿಸ್ತೀನಿ." ಆಮೇಲೆ ಕನ್ನಡಕ ತೆಗೆದು ಕೇಳಿದರು: "ನಿಮ್ಮ ದೇಶದ ಪೌರತ್ವ ಬಿಡಬೇಕಾಗುತ್ತೆ, ಗೊತ್ತಲ್ವಾ? ಬೇಜಾರಾಗಲ್ವಾ?"

"ಅದು ನಮಗೆ ಸಿಕ್ಕಿದ್ದೇ ತಡವಾಗಿ ಸಾರ್. ಅಷ್ಟೊಂದು ಅಂಟ್ಕೊಂಡಿಲ್ಲ" ಎಂದಳು.

ಇನ್ನೇನಿಲ್ಲ, ಪೊಲೀಸ್ ವಿಚಾರಣೆ ಒಂದು ಆದರೆ ಬೆಂಗಳೂರಿಗೆ ಕಳಿಸುತ್ತೇವೆ, ಅಲ್ಲಿಂದ ದೆಹಲಿ ಎಂದರು. ಎದ್ದು ನಿಂತು ಕೈ ಮುಗಿದರು. ಹೊರಗೆ ಬಂದು ಅವಳು ಎಳನೀರು ಕುಡಿದಳು. ಮುಖ್ಯವಾದದ್ದು ಮುಗಿಯಿತು ಎಂದು ನಾವಿಬ್ಬರೂ ತಿಳಿದೆವು.

ಎದುರು ಮನೆಯ ಮಿಲ್ಲಿನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅದನ್ನು ನಡೆಸುವವರು ಒಬ್ಬ ಹಿರಿಯ ಹೆಂಗಸು. ಬೀದಿಯವರೆಲ್ಲ ಅವರನ್ನು ಮಿಲ್ಲಿನವ್ವ ಎನ್ನುತ್ತಾರೆ. ಹುಟ್ಟಿದ್ದು ಕೊಳ್ಳೇಗಾಲದ ಹತ್ತಿರದ ಒಂದು ಹಳ್ಳಿಯ ಬೇಸಾಯದ ಮನೆಯಲ್ಲಿ. ಗಂಡನಿಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಮೈಸೂರಿಗೆ ಬಂದರು. ಗಂಡ ನಿವೃತ್ತರಾದಾಗ ಬಂದ ಹಣದಲ್ಲಿ ಮನೆಯ ಮುಂದಿನ ಕೋಣೆಗೆ ಮೆಷಿನ್ ಹಾಕಿಸಿಕೊಂಡರು. ಗಂಡ ತೀರಿಕೊಂಡರು, ಮೆಷಿನ್ ನಿಲ್ಲಲಿಲ್ಲ.

ನಮ್ಮ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅವಳ ಕಡೆಯವರಿಗೆ ಬರಲು ಆಗಲಿಲ್ಲ. ಆ ಸಂಜೆ ಮಿಲ್ಲಿನವ್ವ ರಸ್ತೆ ದಾಟಿ ಬಂದು, "ಎಣ್ಣಿನ ಕಡೆಯೋರು ಯಾರೂ ಇಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಮುಂದಿನ ವಾರ ಅವಳನ್ನು ಬಸ್ಸಿನಲ್ಲಿ ತಮ್ಮ ಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಅಣ್ಣನ ಮನೆಯಲ್ಲಿ ಎರಡು ದಿನ ಇಟ್ಟುಕೊಂಡು, ಎಣ್ಣೆ ನೀರು ಹಾಕಿ, ಹೊರಡುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಕುಪ್ಪಸದ ಕಣ ತುಂಬಿ ಕಳಿಸಿದರು. ಮಗಳನ್ನು ತವರಿನಿಂದ ಕಳಿಸುವ ಕ್ರಮ ಅದು. ಅಂದಿನಿಂದ ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಅವಳಿಗೆ ಎದುರು ಮನೆಯಿಂದಲೇ ಬರುತ್ತದೆ. ಅವಳು ಅವರನ್ನು ಅವ್ವ ಎನ್ನುತ್ತಾಳೆ. ಅವರು ನನ್ನನ್ನು ಅಳಿಯಂದ್ರೇ ಎನ್ನುತ್ತಾರೆ. ಮೊದಮೊದಲು ತಮಾಷೆಗೆ ಅನ್ನುತ್ತಿದ್ದರೋ ಏನೋ. ಈಗ ನನ್ನ ಹೆಸರು ಅವರಿಗೆ ನೆನಪಿದೆಯೇ ಎಂಬುದೇ ಅನುಮಾನ.

ಪೌರತ್ವದ ಅರ್ಜಿಯ ಸಂಗತಿಯನ್ನು ಅವ್ವನಿಗೆ ಹೇಳಿರಲಿಲ್ಲ. ಹೇಳೋಣವೇ ಎಂದು ನಾನು ಕೇಳಿದ್ದೆ. "ಬಂದ ಮೇಲೆ ಹೇಳೋಣ. ಈಗ ಹೇಳಿದ್ರೆ, ಇಷ್ಟು ವರ್ಷ ಆಗಿಲ್ವಾ ಅಂತಾರೆ" ಎಂದಳು. ತಾಳಿ ಕಟ್ಟಿದ ದಿನವೇ ಅದೆಲ್ಲ ಆಗಿ ಹೋಯಿತೆಂದು ಅವ್ವ ನಂಬಿದ್ದರು. ಆ ನಂಬಿಕೆಯನ್ನು ಕೆಡಿಸುವ ಅಗತ್ಯ ನಮಗೆ ಕಾಣಲಿಲ್ಲ.

ಸಂದರ್ಶನವಾದ ಮೇಲೆ ಕಾಯುವುದು ಶುರುವಾಯಿತು. ಅರ್ಜಿಯ ಸ್ಥಿತಿಯನ್ನು ಕಂಪ್ಯೂಟರಿನಲ್ಲಿ ನೋಡಬಹುದು. ನೋಡಿದಾಗಲೆಲ್ಲ ಒಂದೇ ಉತ್ತರ, ಪರಿಶೀಲನೆಯಲ್ಲಿದೆ. ಅವಳು ಬೆಳಿಗ್ಗೆ ಹಾಲು ಕಾಯಿಸಲು ಇಟ್ಟು ಒಮ್ಮೆ ನೋಡುತ್ತಿದ್ದಳು, ಹಾಲು ಉಕ್ಕುವ ಮುಂಚೆ ಮುಚ್ಚಿಡುತ್ತಿದ್ದಳು. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚಿದೆವು, ಪರಿಶೀಲನೆಯಲ್ಲಿತ್ತು. ಶಿವರಾತ್ರಿ ಕಳೆಯಿತು. ಬಿಸಿಲು ಏರಿತು.

ಸಲಹೆ ಕೊಡುವವರಿಗೆ ಕೊರತೆ ಇರಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬ, "ಪೇಪರ್‌ನಲ್ಲಿ ಇಷ್ಟು ವರ್ಷ ಗೇದು ಒಬ್ಬ ಆಫೀಸರಿಗೆ ಫೋನ್ ಹಾಕಕ್ಕಾಗಲ್ಲ ಅಂದ್ರೆ ನೀನೇನು ಪ್ರೂಫ್ ನೋಡ್ಕೊಂಡಿದ್ಯಾ?" ಎಂದ. ಬಹುಮಟ್ಟಿಗೆ ಅದನ್ನೇ ಮಾಡಿದ್ದೆ. ಆದರೂ ಒಂದು ಫೋನ್ ಮಾಡಿಸಿದೆ. ಆ ಕಡೆಯಿಂದ ಬಂದ ಉತ್ತರ, ವಿಚಾರಿಸಿ ಹೇಳುತ್ತೇವೆ. ನಾವು ಸುದ್ದಿಯ ಕೊನೆಯಲ್ಲಿ ಹಾಕುತ್ತಿದ್ದ ವಾಕ್ಯ ಅದು, ಹಾಗಾಗಿ ಅದಕ್ಕೆ ಎಷ್ಟು ತೂಕ ಎಂಬುದು ನನಗೆ ಗೊತ್ತಿತ್ತು.

ಕೊನೆಗೆ ಇಬ್ಬರೂ ಕಚೇರಿಗೆ ಹೋದೆವು. ಕಡತ ನೋಡಿಕೊಳ್ಳುವ ಗುಮಾಸ್ತೆ ಚುರುಕಾದ ಹೆಣ್ಣುಮಗಳು. ನಮ್ಮ ಅರ್ಜಿ ಸಂಖ್ಯೆ ಕೇಳಿ, ತಲೆ ಎತ್ತಿ ಅವಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ನಮ್ಮ ಹತ್ರ ಏನೂ ಬಾಕಿ ಇಲ್ಲ ಸಾರ್. ಪೊಲೀಸ್ ವರದಿ ಬಂದಿದೆ. ಅದರಲ್ಲಿ ಹೊಂದಾಣಿಕೆ ಆಗ್ತಿಲ್ಲ. ವಾಪಸ್ ಕಳಿಸಿದ್ದೀವಿ."

"ಏನು ಹೊಂದಾಣಿಕೆ ಆಗ್ತಿಲ್ಲ?"

"ಅದನ್ನ ನಾನು ಹೇಳೋ ಹಾಗಿಲ್ಲ. ಸ್ಟೇಷನ್ನಲ್ಲಿ ಕೇಳಿ." ಆಮೇಲೆ ಅವಳ ಕಡೆಗೆ ತಿರುಗಿ ಕೇಳಿದರು: "ಮೇಡಂ, ನೀವು ನಿಜವಾಗ್ಲೂ ಶ್ರೀಲಂಕಾದೋರೇನಾ?"

ಹೆಂಡತಿ ನಗುತ್ತ ಹೌದು ಎಂದಳು. ಗುಮಾಸ್ತೆ ನಗಲಿಲ್ಲ.

ಪೊಲೀಸ್ ಠಾಣೆಯಲ್ಲಿ ವಿಚಾರಣೆ ಮಾಡಿದ ಹೆಡ್ ಕಾನ್‌ಸ್ಟೇಬಲ್ ಸಿಕ್ಕಿದರು. ದಪ್ಪ ಮೀಸೆ, ಮೆಲ್ಲನೆಯ ದನಿ. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿ, ಹುಡುಗಿಯ ಕಡೆಯವರು ಏನೋ ಮುಚ್ಚಿಟ್ಟಿದ್ದಾರೆ ಎಂದು ಮದುವೆಯ ದಲ್ಲಾಳಿ ಹೇಳುವ ಧಾಟಿಯಲ್ಲಿ ಮಾತು ತೆಗೆದರು.

"ಸಾರ್, ನಿಮ್ಮ ಮನೆಯವ್ರು ಕೊಳ್ಳೇಗಾಲದ ಕಡೆಯೋರಂತಲ್ಲ?"

"ಯಾರು ಹೇಳಿದರು?"

"ನಿಮ್ಮ ಬೀದಿಯೋರೇ ಹೇಳಿದ್ದು. ನಾನು ಮಫ್ತಿಲಿ ಬಂದಿದ್ದೆ. ನೀವಿಬ್ರೂ ಮನೇಲಿರಲಿಲ್ಲ. ಎದುರುಗಡೆ ಮಿಲ್ಲಲ್ಲಿ ಕೇಳ್ದೆ, ಇಲ್ಲಿ ಶ್ರೀಲಂಕಾದೋರು ಯಾರಾದ್ರೂ ಇದ್ದಾರಾ ಅಂತ. ಆ ಯಮ್ಮ ಖಡಾಖಂಡಿತ ಹೇಳ್ಬುಡ್ತು, ಅಂಥೋರು ಇಲ್ಲಿ ಯಾರೂ ಇಲ್ಲ, ಆ ಮನೆ ಹೆಣ್ಣುಮಗಳ ತವರು ಕೊಳ್ಳೇಗಾಲದ ಹತ್ರ, ತವರುಮನೆ ನಾನೇ ನೋಡಿದ್ದೀನಿ, ಅಲ್ಲಿ ಊಟಾನೂ ಮಾಡಿದ್ದೀನಿ ಅಂತ."

"ಬೇರೆ ಮನೆಗಳಲ್ಲಿ ಕೇಳಲಿಲ್ಲವೇ?"

"ಕೇಳ್ದೆ ಸಾರ್. ಅದೇ ಆಗಿದ್ದು ತೊಂದರೆ. ಪಕ್ಕದ ಮನೇಲೂ ಅದೇ ಹೇಳಿದ್ರು, ಮೂಲೆ ಮನೇಲೂ ಅದೇ ಹೇಳಿದ್ರು. ಮೂಲೆ ಮನೆ ಯಜಮಾನ್ರಂತೂ ಆ ಹಳ್ಳಿ ಹೆಸರೂ ಹೇಳಿದ್ರು, ನಿಮ್ಮ ಮಾವನವರಿಗೆ ಎರಡೆಕರೆ ಗದ್ದೆ ಇದೆ ಅಂತಾನೂ ಹೇಳಿದ್ರು. ಅಷ್ಟು ಜನ ಒಂದೇ ಮಾತು ಹೇಳ್ದಾಗ ನಾನೇನ್ ಬರೀಲಿ?"

ಬೀದಿಯಲ್ಲಿ ಆ ಮಾತು ಅವರಿಗಿಂತ ಬೇಗ ನಡೆದಿತ್ತು. ಅವರು ಮೂರನೆಯ ಬಾಗಿಲು ತಟ್ಟುವ ಮುಂಚೆ ಉತ್ತರ ಅಲ್ಲಿಗೆ ತಲುಪಿತ್ತು. ಶ್ರೀಲಂಕಾದಲ್ಲಿ ಹುಟ್ಟಿದೆ ಎಂದು ಅರ್ಜಿದಾರರು ಹೇಳುತ್ತಾರೆ, ಕೊಳ್ಳೇಗಾಲದಲ್ಲಿ ಹುಟ್ಟಿದ್ದು ಎಂದು ನೆರೆಯವರು ಹೇಳುತ್ತಾರೆ. ಎರಡರಲ್ಲಿ ಒಂದು ಸುಳ್ಳು. ಕೊಳ್ಳೇಗಾಲದವಳೊಬ್ಬಳು ಲಂಕೆಯ ಪಾಸ್‌ಪೋರ್ಟ್ ಯಾಕೆ ಇಟ್ಟುಕೊಂಡಿದ್ದಾಳೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತ್ತು. ಅದಕ್ಕೆ ಯಾರೂ ಅವಸರದಿಂದ ಉತ್ತರ ಹುಡುಕಲಿಲ್ಲ.

ಇದೆಲ್ಲ ಕೇಳುತ್ತ ನನ್ನ ಹೆಂಡತಿ ಬೆಂಚಿನ ಮೇಲೆ ಕುಳಿತಿದ್ದಳು. ನಮ್ಮ ಬೀದಿಯ ತಿರುವಿನಲ್ಲಿ ಆಟೋ ಇಳಿದಾಗ, "ಎರಡೆಕರೆ ಗದ್ದೆ" ಎಂದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಮನೆಯೊಳಗೆ ಹೋಗುವ ಹೊತ್ತಿಗೆ ಅದು ನಗುವಾಗಿ ಉಳಿದಿರಲಿಲ್ಲ. ಬೇಸಿಗೆ ರಜೆ ಹತ್ತಿರವಾಗಿತ್ತು.

ಮಿಲ್ಲಿಗೆ ಹೋದದ್ದು ಆ ಸಂಜೆಯೇ. ಮೆಷಿನ್ ಆಫ್ ಆಗಿತ್ತು. ಅವ್ವ ಗೋಣಿಚೀಲದ ಮೇಲೆ ಕುಳಿತು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುತ್ತಿದ್ದರು. ಅವಳು ನೇರವಾಗಿ ಕೇಳಿದಳು.

"ಅವ್ವ, ಪೊಲೀಸಿನವರು ಬಂದಿದ್ರಾ? ನನಗೆ ಹೇಳಲೇ ಇಲ್ಲ."

"ಓ ಅವ್ನಾ! ಬಂದಿದ್ದ ಕಣವ್ವ. ಪ್ಯಾಂಟು ಸರ್ಟು ಆಕ್ಕಂಡು ಬಂದ್ರೆ ನಂಗೆ ಗೊತ್ತಾಗಲ್ಲ ಅಂದ್ಕಂಡಿದ್ದ. ಬೂಟು ನೋಡ್ದೆ, ಗೊತ್ತಾಗೋಯ್ತು. ಲಂಕೆಯೋರು ಅವ್ರಾ ಅಂತ ಕೇಳ್ತಾನೆ! ಟೀವಿಲಿ ನೋಡ್ನಿಲ್ವಾ ನೀನು, ಬೇರೆ ದೇಸ್ದೋರ್ನೆಲ್ಲ ಇಡ್ಕಂಡು ಓಯ್ತಾವ್ರಂತೆ. ನಾನು ಬುಡ್ತೀನಾ? ಬೀದಿಗೆಲ್ಲ ಏಳ್ಬುಟ್ಟೆ, ಯಾರೂ ಬಾಯ್ ಬುಡಬ್ಯಾಡಿ ಅಂತ."

"ನೀನು ನನ್ನ ತವರು ಕೊಳ್ಳೇಗಾಲ ಅಂತ ಹೇಳಿದ್ಯಂತೆ."

"ಊಂ ಮತ್ತೆ. ಅಲ್ವಾ?"

ಅದು ಸವಾಲಿನ ದನಿಯಲ್ಲ. ನಿಜವಾಗಿಯೂ ಕೇಳಿದ ಪ್ರಶ್ನೆ. ನನ್ನ ಹೆಂಡತಿ ಅವರ ಪಕ್ಕದಲ್ಲಿ, ಇನ್ನೊಂದು ಚೀಲದ ಮೇಲೆ ಕುಳಿತಳು. ಅರ್ಜಿ, ಸಂದರ್ಶನ, ಶಾಲೆಯ ಹುದ್ದೆ, ರಜೆ ಮುಗಿಯುವುದರೊಳಗೆ ಆಗಬೇಕಾದದ್ದು, ಎಲ್ಲವನ್ನೂ ಹೇಳಿದಳು. ಅವ್ವ ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅಯ್ಯೋ ಮುಂಡೇದೇ, ನಂಗೊಂದ್ ಮಾತು ಏಳ್ಬಾರ್ದಾ? ಅಳಿಯಂದ್ರೇ, ನೀವಾದ್ರೂ ಏಳ್ಬಾರ್ದಾ? ಊರೋರ ಸುದ್ದಿಯೆಲ್ಲ ಪೇಪರ್‌ನಲ್ಲಿ ಆಕ್ತೀರ, ಮನೆ ಸುದ್ದಿ ಎದುರು ಮನೆಗೆ ಏಳಲ್ಲ!"

ಅವ್ವ ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಈಗೇನ್ ಮಾಡ್ಬೇಕು? ಅವ್ನ್ ತಾವ ಓಗಿ ತಪ್ಪಾಯ್ತು ಅಂತ ಕಾಲಿಗ್ ಬೀಳ್ಲಾ?"

"ಬೇಡ ಅವ್ವ. ಮತ್ತೆ ವಿಚಾರಣೆಗೆ ಬರ್ತಾರೆ. ಆಗ ನಿಜ ಹೇಳಿದ್ರೆ ಸಾಕು."

"ಏನಂತ?"

"ನಾನು ಬೇರೆ ದೇಶದವಳು ಅಂತ."

ಅವ್ವ ಎದ್ದು ಮೆಷಿನ್ನಿನ ಬಾಯಿಗೆ ಗೋಣಿ ಹೊದಿಸಿದರು.

ಮರುವಿಚಾರಣೆಗೆ ಬರಲು ಅವರು ತೆಗೆದುಕೊಂಡ ಸಮಯದಲ್ಲಿ ಯುಗಾದಿ ಮುಗಿದಿತ್ತು, ಶಾಲೆಗೆ ರಜೆ ಬಿಟ್ಟಿತ್ತು. ಈ ಬಾರಿ ಹೆಡ್ ಕಾನ್‌ಸ್ಟೇಬಲ್ ಜೊತೆ ಒಬ್ಬ ಯುವ ಸಬ್ ಇನ್‌ಸ್ಪೆಕ್ಟರ್ ಬಂದರು, ಸಮವಸ್ತ್ರದಲ್ಲಿ. ಮೊದಲು ನಮ್ಮ ಮನೆಗೆ ಬಂದು ಪಾಸ್‌ಪೋರ್ಟ್, ಜನನ ಪತ್ರ ನೋಡಿದರು. ಆಮೇಲೆ ರಸ್ತೆ ದಾಟಿದರು. ನಾವೂ ಹಿಂದೆ ಹೋದೆವು. ಬೇಡವೆಂದು ಅವರು ಹೇಳಲಿಲ್ಲ. ಮೂಲೆ ಮನೆಯ ಯಜಮಾನರು ತಮ್ಮ ಗೇಟಿನ ಬಳಿ ನಿಂತಿದ್ದರು, ಪೊಲೀಸರನ್ನು ಕಂಡು ಗಿಡಕ್ಕೆ ನೀರು ಹಾಕಲು ತೊಡಗಿದರು.

"ಅಮ್ಮ, ಇವರು ಎಲ್ಲಿಯವರು?" ಸಬ್ ಇನ್‌ಸ್ಪೆಕ್ಟರ್ ಕೇಳಿದರು.

"ಎದುರುಗಡೆ ಮನೆಯೋರು."

"ಅದು ಗೊತ್ತು. ಹುಟ್ಟಿದ್ದೆಲ್ಲಿ?"

"ನಾನೇನ್ ಸೂಲಗಿತ್ತಿಯೇನಪ್ಪ?"

ಹೆಡ್ ಕಾನ್‌ಸ್ಟೇಬಲ್ ಮೀಸೆಯ ಮೇಲೆ ಕೈ ಇಟ್ಟುಕೊಂಡರು. ಸಬ್ ಇನ್‌ಸ್ಪೆಕ್ಟರ್ ತಾಳ್ಮೆಯವರು. "ಹೋದ ಸಲ ಇವರಿಗೆ ನೀವೇ ಹೇಳಿದ್ರಲ್ಲಮ್ಮ, ಕೊಳ್ಳೇಗಾಲ ಅಂತ?"

"ಏಳ್ದೆ. ಇಲ್ಲ ಅನ್ನಲ್ಲ. ನಮ್ಮೂರ್‌ಗೆ ಕರ್ಕಂಡೋಗಿ ಮಡಿಲಕ್ಕಿ ಉಯ್ಸಿವ್ನಿ. ವರ್ಸ ವರ್ಸ ಗೌರಿ ಬಾಗಿನ ನಮ್ಮನೆಯಿಂದ್ಲೇ ಓಯ್ತದೆ. ತವರು ಅಂದ್ರೆ ಇನ್ಯಾನಪ್ಪ? ನಿಮ್ಮಕ್ಕಂಗೆ ನಿಮ್ಮನೆಯಿಂದ ಇನ್ಯಾನ್ ಕೊಡ್ತೀರಿ?"

"ಅದು ಸರಿ ಅಮ್ಮ. ಆದ್ರೆ ಇವರು ಬೇರೆ ದೇಶದವರು ಅಂತ ನಿಮಗೆ ಗೊತ್ತಿತ್ತೋ ಇಲ್ವೋ? ಅಷ್ಟು ಹೇಳಿ, ಇವರಿಗೇ ಅನುಕೂಲ ಆಗುತ್ತೆ."

"ಇದ್ಯಾವ ಸೀಮೆ ನ್ಯಾಯ! ನಮ್ಮೋಳಲ್ಲ ಅಂತ ನಾನ್ ಅಂದ್ರೆ ತಾನೆ ನೀವು ನಮ್ಮೋಳು ಅನ್ನೋದು?"

ಅವ್ವ ನನ್ನ ಹೆಂಡತಿಯ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಅವ್ವ ಮೆಷಿನ್ನಿನ ಕಡೆಗೆ ತಿರುಗಿಕೊಂಡು, ಬೆನ್ನು ನಮ್ಮ ಕಡೆಗಿಟ್ಟು ಹೇಳಿದರು: "ಲಂಕೆಯೋಳು. ಮೊದಲಿಂದ್ಲೂ ಗೊತ್ತು. ನಾನೇ ಸುಳ್ಳೇಳಿದ್ದು. ಬರ್ಕಳಿ."

ಬರೆದುಕೊಂಡರು. ಸಹಿ ಹಾಕಿಸಿಕೊಂಡರು. ಹೋಗುವಾಗ ಹೆಡ್ ಕಾನ್‌ಸ್ಟೇಬಲ್ ನನ್ನ ಹತ್ತಿರ ಬಂದು, "ಈಗ ಕ್ಲಿಯರ್ ಆಯ್ತು ಸಾರ್" ಎಂದರು. ಅವ್ವ ಆ ದಿನ ಮಧ್ಯಾಹ್ನವೇ ಮಿಲ್ಲಿನ ಬಾಗಿಲು ಎಳೆದರು. ರಾಗಿ ಡಬ್ಬ ಹಿಡಿದು ಬಂದ ಇಬ್ಬರು ಮೂವರು ಬಡಿದು ನೋಡಿ ವಾಪಸಾದರು. ಹೆಂಡತಿ ಸಂಜೆ ಹೋಗಿ ಕರೆದಳು. ತಲೆನೋವು ಎಂದು ಒಳಗಿನಿಂದ ಉತ್ತರ ಬಂತು.

ಮೇ ತಿಂಗಳ ಕೊನೆಗೆ ಕಡತ ಬೆಂಗಳೂರಿಗೆ ಹೋಗಿತ್ತು. ದೆಹಲಿಗೆ ಹೋಗಿರಲಿಲ್ಲ. ಅಲ್ಲಿಂದ ಯಾವಾಗ ಹೋಗುತ್ತದೆ ಎಂದು ಹೇಳಬಲ್ಲವರು ನಮಗೆ ಯಾರೂ ಸಿಗಲಿಲ್ಲ. ಶಾಲೆ ತೆರೆಯುವ ಮುಂಚಿನ ಶನಿವಾರ ಕಾರ್ಯದರ್ಶಿಗಳು ಅವಳನ್ನು ಬರಹೇಳಿದರು. ನಾನೂ ಹೋಗಿದ್ದೆ. ಅವರು ಎಂಬತ್ತರ ಹತ್ತಿರದವರು. ಅವಳ ಎದುರು ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಮೇಜಿನ ಫ್ಯಾನಿನ ರೆಗ್ಯುಲೇಟರ್ ತಿರುಗಿಸುತ್ತಿದ್ದರು.

"ಇಲಾಖೆಗೆ ಮತ್ತೆ ಮತ್ತೆ ಕಾಲಾವಕಾಶ ಕೇಳಿದೆ ಕಣಮ್ಮ. ಇನ್ನೊಂದು ಸಲ ಕೇಳಿದರೆ ಹುದ್ದೆಯನ್ನೇ ತೆಗೆದುಬಿಡುತ್ತೇವೆ ಅಂತಿದಾರೆ. ಆಮೇಲೆ ನಿಮಗೂ ಇಲ್ಲ, ಮಕ್ಕಳಿಗೂ ಇಲ್ಲ."

"ಬೇಡ ಸಾರ್. ತುಂಬಿಕೊಳ್ಳಿ" ಎಂದಳು.

"ಒಬ್ಬ ಹುಡುಗಿ ಅರ್ಜಿ ಹಾಕಿದ್ದಾಳೆ. ಇಲ್ಲೇ ವಿಜಯನಗರದವಳು. ಈಗಷ್ಟೇ ತರಬೇತಿ ಮುಗಿಸಿದ್ದಾಳೆ. ನೀವು ಸ್ವಲ್ಪ ಜೊತೆಗಿದ್ದು ತೋರಿಸಿಕೊಟ್ಟರೆ..."

"ತೋರಿಸಿಕೊಡ್ತೀನಿ."

ಅವರು ರೆಗ್ಯುಲೇಟರ್ ಬಿಟ್ಟರು. ಪೊಲೀಸ್ ವರದಿ ಮೊದಲ ಸಲವೇ ಸರಿಯಾಗಿ ಹೋಗಿದ್ದರೆ ಈ ವೇಳೆಗೆ ಆಗಿಬಿಡುತ್ತಿತ್ತಲ್ಲವೇ ಎಂದು ನನ್ನನ್ನು ಕೇಳಿದರು. ಆಗುತ್ತಿತ್ತೇನೋ ಎಂದೆ. ಖಚಿತವಾಗಿ ಹೇಳಲು ಬರುವುದಿಲ್ಲ, ಆದರೆ ಅದೇ ಹೊತ್ತಿಗೆ ಸಂದರ್ಶನವಾದ ಇನ್ನೊಬ್ಬರ ಕಡತ ಚಳಿಗಾಲದಲ್ಲೇ ದೆಹಲಿ ಸೇರಿತ್ತು ಎಂದು ಗುಮಾಸ್ತೆ ಒಮ್ಮೆ ಬಾಯಿಬಿಟ್ಟಿದ್ದರು.

ಹೊಸ ಶಿಕ್ಷಕಿ ಬಂದರು. ನನ್ನ ಹೆಂಡತಿ ಅವರಿಗೆ ಮೊದಲ ವಾರವೆಲ್ಲ ಒಂದನೇ ತರಗತಿಯಲ್ಲಿ ಜೊತೆ ನಿಂತಳು. ಮಕ್ಕಳನ್ನು ಬೆಳಕಿಗೆ ಬೆನ್ನು ಮಾಡಿ ಕೂರಿಸಬೇಕು, ಕಿಟಕಿಗೆ ಬೆನ್ನು ಮಾಡಿ ಟೀಚರ್ ನಿಲ್ಲಬಾರದು, ಕರೆಯಬೇಕಾದರೆ ನೆಲದ ಹಲಗೆ ಅದುರುವಂತೆ ಕಾಲಿನಿಂದ ತಟ್ಟಬೇಕು ಎಂದೆಲ್ಲ ಹೇಳಿಕೊಟ್ಟಳು. ಆಮೇಲೆ ಅವಳನ್ನು ನಾಲ್ಕನೇ ತರಗತಿಗೆ ಹಾಕಿದರು. ಆ ಮಕ್ಕಳಿಗೆ ಭಿನ್ನರಾಶಿ ಬರುತ್ತಿರಲಿಲ್ಲ. ಚಪಾತಿ ಕತ್ತರಿಸಿ ಕಲಿಸುತ್ತೇನೆಂದು ಮನೆಯಿಂದ ಚಪಾತಿ ಮಾಡಿಕೊಂಡು ಹೋಗಲು ಶುರು ಮಾಡಿದಳು.

ಅರ್ಜಿ ಹಿಂತೆಗೆದುಕೊಳ್ಳೋಣವೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದು ಈಗಲೂ ಪರಿಶೀಲನೆಯಲ್ಲಿದೆ.

ಗೋಧಿ ಬೀಸಿಸಲು ಇಬ್ಬರೂ ಮಿಲ್ಲಿಗೆ ಹೋದದ್ದು ಜೂನ್ ತಿಂಗಳ ಒಂದು ಭಾನುವಾರ. ವಿಚಾರಣೆಯ ದಿನದಿಂದ ಅವ್ವ ಮೊದಲಿನಂತೆ ಮಾತಾಡಿರಲಿಲ್ಲ. ಅಂದು ಮೆಷಿನ್ ನಿಲ್ಲಿಸಿ, ಡಬ್ಬ ತೆಗೆದುಕೊಳ್ಳುವ ಮುಂಚೆ ಕೇಳಿದರು.

"ಏನಾಯ್ತವ್ವ ನಿನ್ ಕೆಲ್ಸ? ಇಸ್ಕೂಲ್ ಬಾಗ್ಲು ತೆಗುದ್ರಲ್ಲ."

"ಆ ಹುದ್ದೇನೇ ತೆಗೆದು ಹಾಕಿದ್ರು ಅವ್ವ. ಈ ವರ್ಷ ಮಕ್ಕಳು ಕಮ್ಮಿ ಅಂತೆ."

"ಯಾರ್‌ಗೂ ಕೊಡ್ನಿಲ್ವಾ?"

"ಯಾರಿಗೂ ಇಲ್ಲ. ಹುದ್ದೆ ಇದ್ರೆ ತಾನೆ ಕೊಡೋದು?"

"ನಾನ್ ಅವತ್ತು ಅಂಗಂದಿದ್ದಕ್ಕೆ..."

"ಅಯ್ಯೋ, ಅದಕ್ಕೂ ಇದಕ್ಕೂ ಏನು ಸಂಬಂಧ? ನೀನು ಲಂಕೆಯೋಳು ಅಂದಿದ್ರೂ ಅಷ್ಟೇ, ಅಮೆರಿಕದೋಳು ಅಂದಿದ್ರೂ ಅಷ್ಟೇ."

ಅವ್ವ ಅವಳನ್ನು ನಂಬಲಿಲ್ಲ. ನನ್ನ ಕಡೆಗೆ ತಿರುಗಿದರು.

"ಅಳಿಯಂದ್ರೇ, ನೀವೇಳಿ. ನೀವು ಪೇಪರ್‌ನೋರು, ಇದ್ದದ್ದು ಇದ್ದಂಗೆ ಏಳ್ತೀರಿ. ಇವ್ಳು ಏಳ್ತಿರೋದು ನಿಜವಾ?"

ಹೆಂಡತಿ ಡಬ್ಬದ ಮುಚ್ಚಳವನ್ನು ಹಿಡಿದುಕೊಂಡಿದ್ದಳು. ನನ್ನ ಮುಖ ನೋಡಲಿಲ್ಲ.

"ನಿಜ ಅವ್ವ" ಎಂದೆ. "ನಾನೂ ಹೋಗಿದ್ದೆ. ಕಾರ್ಯದರ್ಶಿಗಳೇ ಹೇಳಿದರು."

ಅವ್ವ ಇನ್ನೊಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಡಬ್ಬ ಕಿತ್ತುಕೊಂಡು, ಗೋಧಿಯನ್ನು ಮೆಷಿನ್ನಿನ ಬಾಯಿಗೆ ಸುರಿದರು.

"ಅಂಗಾದ್ರೆ ಸರ್ಕಾರವೇ ಸರಿ ಇಲ್ಲ ಬುಡಿ" ಎಂದು ಸ್ವಿಚ್ ಹಾಕಿದರು. "ದೂರ ನಿಂತ್ಕೊ ಮಗ, ಸೀರೆಗೆಲ್ಲ ಇಟ್ಟಾಯ್ತದೆ."